ಗಣಕಯಂತ್ರ ಮತ್ತು ಆಲಿಸುವ ಕರ್ತವ್ಯ

ಗಣಕಯಂತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವೇಗವನ್ನೂ ಸಾಮರ್ಥ್ಯವನ್ನೂ ಕುರಿತು ಬರೆದಿದ್ದಾರೆ. ಆ ಯಂತ್ರವನ್ನು ಪಳಗಿಸಿದವರಲ್ಲೇ ಒಬ್ಬರು, ತಮ್ಮ ಕೃತಿ ಜನರ ಮೇಲೆ ಮಾಡಿದ ಪರಿಣಾಮವನ್ನು ಕಂಡು ಬೆಚ್ಚಿ ಬರೆದ ಗ್ರಂಥ ಜೋಸೆಫ್ ವೈಜೆನ್‌ಬಾಮ್ ಅವರ ‘ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್’. 1976ರಲ್ಲಿ ಪ್ರಕಟವಾದ ಅದರ ಉಪಶೀರ್ಷಿಕೆಯೇ ‘ವಿವೇಚನೆಯಿಂದ ಲೆಕ್ಕಾಚಾರದೆಡೆಗೆ’ ಎಂಬರ್ಥದ್ದು. ಯಂತ್ರಗಳು ಕನ್ನಡದಲ್ಲಿಯೂ ಉತ್ತರ ಕೊಡತೊಡಗಿರುವ ಈ ಹೊತ್ತಿನಲ್ಲಿ ಅದನ್ನು ಮತ್ತೊಮ್ಮೆ ಓದಿದೆ. ಅದಕ್ಕೆ ದೊರೆತಿರುವ ಮನ್ನಣೆ ಅರ್ಹವಾದುದೇ. ಆದರೆ ಗ್ರಂಥದ ಮರ್ಮಸ್ಥಾನದಲ್ಲಿಯೇ ಒಂದು ಲೋಪವಿದೆಯೆಂದು ನನಗೆ ತೋರುತ್ತದೆ. ಅದನ್ನು ತುಸು ವಿಸ್ತಾರವಾಗಿ ಚರ್ಚಿಸಬೇಕಾಗಿದೆ.

ವೈಜೆನ್‌ಬಾಮ್ ಹುಟ್ಟಿದ್ದು 1923ರಲ್ಲಿ, ಬರ್ಲಿನ್ನಿನ ಯಹೂದಿ ಕುಟುಂಬವೊಂದರಲ್ಲಿ. ನಾಜಿ ಆಡಳಿತದ ಕಾಲದಲ್ಲಿ, 1936ರಲ್ಲಿ, ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. 1950ರ ದಶಕದಲ್ಲಿ ಅವರು ಬ್ಯಾಂಕ್ ಆಫ್ ಅಮೆರಿಕದ ಚೆಕ್ಕುಗಳ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಯೋಜನೆಯಲ್ಲಿ ದುಡಿದರು, ಅನಂತರ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಅವರು ರಚಿಸಿ 1966ರಲ್ಲಿ ವಿವರ ಪ್ರಕಟಿಸಿದ ‘ಎಲಿಜಾ’ ಎಂಬ ಪ್ರೋಗ್ರಾಂ ಅವರ ಕೀರ್ತಿಗೂ ಕಳವಳಕ್ಕೂ ಸಮನಾಗಿ ಕಾರಣವಾಯಿತು. ಬರ್ನಾರ್ಡ್ ಶಾ ಅವರ ನಾಟಕದಲ್ಲಿ ಮಾತಿನ ಠೀವಿ ಕಲಿಯುವ ಹೂ ಮಾರುವ ಹುಡುಗಿಯ ಹೆಸರು ಅದು.

ಎಲಿಜಾ ಮಾಡುತ್ತಿದ್ದುದು ಅತಿ ಸರಳವಾದ ಕೆಲಸ. ಎದುರಿನವರು ಬೆರಳಚ್ಚಿಸಿದ ವಾಕ್ಯದಲ್ಲಿ ಯಾವುದಾದರೂ ಮುಖ್ಯ ಪದವಿದೆಯೇ ಎಂದು ಅದು ಹುಡುಕುತ್ತಿತ್ತು. ಇದ್ದರೆ ವಾಕ್ಯವನ್ನು ತುಂಡರಿಸಿ, ‘ನನ್ನ’ ಎಂದಿದ್ದಲ್ಲಿ ‘ನಿಮ್ಮ’ ಎಂದು ತಿರುಗಿಸಿ, ಮೊದಲೇ ಸಿದ್ಧವಿದ್ದ ಅಚ್ಚಿನಲ್ಲಿ ಎರೆದು ಪ್ರಶ್ನೆಯಾಗಿ ಮರಳಿಸುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ನನ್ನ ತಾಯಿಗೆ ನನ್ನ ಮೇಲೆ ಕೋಪ’ ಎಂದರೆ, ‘ನಿಮ್ಮ ಕುಟುಂಬದ ಬಗ್ಗೆ ಇನ್ನಷ್ಟು ಹೇಳಿ’ ಎಂಬಂತಹ ಉತ್ತರ. ಮುಖ್ಯ ಪದ ಸಿಗದಿದ್ದರೆ ‘ಮುಂದುವರಿಸಿ’ ಎಂಬಂತಹ ಮಾತು, ಇಲ್ಲವೇ ಹಿಂದೆ ಹೇಳಿದ್ದೊಂದರ ಪ್ರಸ್ತಾಪ. ತಾಯಿ ಎಂದರೇನು, ಕೋಪ ಎಂದರೇನು ಎಂಬುದರ ಲೇಶವೂ ಅದಕ್ಕಿರಲಿಲ್ಲ. ರೋಗಿಯ ಮಾತನ್ನೇ ರೋಗಿಗೆ ಹಿಂದಿರುಗಿಸುವ ಕಾರ್ಲ್ ರೋಜರ್ಸ್ ಪಂಥದ ಮನೋವೈದ್ಯರ ಪಾತ್ರವನ್ನು ಅದಕ್ಕೆ ಕೊಟ್ಟದ್ದೂ ಈ ಕಾರಣಕ್ಕೇ: ಲೋಕದ ವಿಷಯ ಏನೂ ತಿಳಿಯದಿದ್ದರೂ ಆ ಪಾತ್ರ ಸಾಗುತ್ತದೆ.

ಮುಂದಿನದನ್ನು ಗ್ರಂಥದ ಪೀಠಿಕೆ ವಿವರಿಸುತ್ತದೆ. ವೈಜೆನ್‌ಬಾಮ್ ಅವರ ಕಾರ್ಯದರ್ಶಿನಿ, ಅವರು ಅದನ್ನು ರಚಿಸುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡವರು, ಒಮ್ಮೆ ಎಲಿಜಾದೊಡನೆ ಸಂವಾದಕ್ಕೆ ತೊಡಗಿ ಕೆಲವೇ ಮಾತುಗಳಾಗುವಷ್ಟರಲ್ಲಿ, ತಾವು ಕೊಠಡಿಯಿಂದ ಹೊರಗೆ ಹೋಗಬೇಕೆಂದು ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರು. ಎಲ್ಲ ಸಂವಾದಗಳನ್ನೂ ದಾಖಲಿಸಿ ಪರಿಶೀಲಿಸುವ ಯೋಚನೆಯನ್ನು ಅವರು ಮುಂದಿಟ್ಟಾಗ, ಅದು ಜನರ ಅಂತರಂಗದಲ್ಲಿ ಇಣುಕಿದಂತಾಗುತ್ತದೆಂಬ ಆಕ್ಷೇಪ ಬಂತು. ಇನ್ನೊಂದು ಕಡೆ, ಕೆನೆತ್ ಕಾಲ್ಬಿ ಮೊದಲಾದ ಮನೋವೈದ್ಯರು 1966ರಲ್ಲಿಯೇ, ಚಿಕಿತ್ಸಕರ ಕೊರತೆಯಿರುವೆಡೆ ಇಂತಹ ಯಂತ್ರ ಗಂಟೆಗೆ ನೂರಾರು ರೋಗಿಗಳನ್ನು ನೋಡಬಲ್ಲದೆಂದು ಬರೆದರು. ಆಟಿಕೆಯೆಂದು ತಾವು ಬಗೆದುದನ್ನು ಜನ ಆಪ್ತನೆಂದೂ ವೈದ್ಯನೆಂದೂ ತಿಳಿದರಲ್ಲ ಎಂಬ ಆಘಾತವೇ ಈ ಗ್ರಂಥದ ಮೂಲ.

ಗ್ರಂಥದ ಪ್ರತಿಪಾದನೆ ಒಂದೇ ಎಳೆಯದಲ್ಲ. ಕಾಗದದ ಸುರುಳಿ, ಒಂದಿಷ್ಟು ಚಿಕ್ಕ ಕಲ್ಲುಗಳಿದ್ದರೆ ಗಣಕಯಂತ್ರವೊಂದನ್ನು ಹೇಗೆ ಕಟ್ಟಬಹುದೆಂಬ ವಿವರಣೆ ಅಲ್ಲಿದೆ. ಊಟ ನಿದ್ರೆ ಬಿಟ್ಟು ಯಂತ್ರದ ಮುಂದೆ ಕುಳಿತ, ಜೂಜುಕೋರನನ್ನು ಹೋಲುವ ಪ್ರೋಗ್ರಾಮರನ ಚಿತ್ರವೂ ಇದೆ. (ಅರ್ಧ ಶತಮಾನದ ಹಿಂದಿನ ಆ ಚಿತ್ರದಲ್ಲಿ ಇಂದಿನ ನಮ್ಮ ಮನೆಗಳ ಹುಡುಗರನ್ನು ಗುರುತಿಸಬಹುದು.) ಆದರೆ ಸಾರವಿಷ್ಟು: ಯಂತ್ರಕ್ಕೆ ಏನು ಸಾಧ್ಯ ಎಂಬುದು ಒಂದು ಪ್ರಶ್ನೆ, ಯಂತ್ರಕ್ಕೆ ಯಾವುದನ್ನು ಒಪ್ಪಿಸಬಾರದು ಎಂಬುದು ಬೇರೆಯೇ ಪ್ರಶ್ನೆ. ನ್ಯಾಯಾಧೀಶರಿಗೆ ತಿಳಿದಿರುವುದರಲ್ಲಿ ಯಂತ್ರಕ್ಕೆ ಹೇಳಿಕೊಡಲಾಗದ್ದು ಏನಿದೆ ಎಂದು ಜಾನ್ ಮೆಕಾರ್ಥಿ ವಾದವೊಂದರಲ್ಲಿ ಕೇಳಿದ್ದರು. ಏನೂ ಇಲ್ಲ ಎಂಬುದೇ ಅವರ ಇಂಗಿತ. ಪ್ರಶ್ನೆಯೇ ತಪ್ಪೆಂದು ವೈಜೆನ್‌ಬಾಮ್ ವಾದಿಸುತ್ತಾರೆ. ಪರಸ್ಪರ ಗೌರವ, ಅರಿವು, ಪ್ರೀತಿ ಬೇಕಾದ ಕಾರ್ಯಗಳಲ್ಲಿ ಮನುಷ್ಯನ ಸ್ಥಾನಕ್ಕೆ ಯಂತ್ರವನ್ನು ಕೂರಿಸಬಾರದು, ಅದು ಎಷ್ಟೇ ಸಮರ್ಥವಾಗಿದ್ದರೂ.

ಒಂಬತ್ತನೆಯ ಅಧ್ಯಾಯ ನನ್ನ ದೃಷ್ಟಿಯಲ್ಲಿ ಗ್ರಂಥದ ಶ್ರೇಷ್ಠ ಭಾಗ. ದೊಡ್ಡ ಪ್ರೋಗ್ರಾಂಗಳು ಅನೇಕರ ಕೈಯಿಂದ, ಅನೇಕ ವರ್ಷಗಳಲ್ಲಿ, ತೇಪೆಯ ಮೇಲೆ ತೇಪೆಯಾಗಿ ಬೆಳೆಯುತ್ತವೆ. ಕೊನೆಗೆ ಅವು ಏಕೆ ಹಾಗೆ ವರ್ತಿಸುತ್ತವೆಂದು ಪೂರ್ತಿ ಬಲ್ಲವರು ಯಾರೂ ಉಳಿಯುವುದಿಲ್ಲ. ತಿಳಿದವರಿಲ್ಲದಿದ್ದರೆ ಹೊಣೆಗಾರರೂ ಇಲ್ಲ. 1969–70ರಲ್ಲಿ ಕಾಂಬೋಡಿಯದ ಮೇಲೆ ನಡೆದ ಗುಪ್ತ ಬಾಂಬ್ ದಾಳಿಯ ಸುಳ್ಳು ವರದಿಗಳು ಗಣಕಯಂತ್ರದ ಮೂಲಕ ಬಂದುವೆಂದೇ ನಂಬಿಕೆಗೆ ಅರ್ಹವಾದ ಪ್ರಸಂಗವನ್ನು ಅವರು ಉದಾಹರಿಸುತ್ತಾರೆ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು ಎಂದು ಮೂರನ್ನೂ ಬೇರೆಬೇರೆಯಾಗಿ ಎಣಿಸಿ ಅಭ್ಯಾಸವಿರುವ ಈ ಪತ್ರಿಕೆಯ ಓದುಗರಿಗೆ ಅಧ್ಯಾಯದ ಆತಂಕ ಸುಲಭವಾಗಿ ಅರ್ಥವಾಗುವುದು.

ಎಲ್ಲವನ್ನೂ ಒಪ್ಪಲಾಗದು. ಮಾತನ್ನು ಗುರುತಿಸುವ ಯಂತ್ರದ ಸಂಶೋಧನೆ ಬೇಹುಗಾರಿಕೆಗಷ್ಟೇ ಒದಗುವುದೆಂಬಂತೆ ಅವರು ಅದನ್ನು ವಿರೋಧಿಸುತ್ತಾರೆ. ಬೇಹುಗಾರಿಕೆಯ ಭಯ ಸುಳ್ಳಲ್ಲ. ಆದರೆ ಅದೇ ವಿದ್ಯೆ ಇಂದು ದೃಷ್ಟಿಯಿಲ್ಲದವರ ಕೈಗೆ ಪತ್ರ ಬರೆಯುವ ಶಕ್ತಿಯನ್ನು ಕೊಟ್ಟಿದೆ. ಮೆಕಾರ್ಥಿ ಅದೇ 1976ರಲ್ಲಿ ಬರೆದ ಕಟುವಿಮರ್ಶೆಯಲ್ಲಿ, ಆವೇಶ ಹೆಚ್ಚಾಗಿ ಸ್ಪಷ್ಟತೆ ಕಡಿಮೆಯಾದ ನೀತಿಬೋಧೆ ಅಪಾಯಕಾರಿ ಎಂದರು. ಕೆಲವು ಪುಟಗಳ ಮಟ್ಟಿಗೆ ಆ ಮಾತು ಸಲ್ಲುತ್ತದೆ.

ನಾನು ಲೋಪವೆಂದದ್ದು ಇದಲ್ಲ. ಆ ಕಾರ್ಯದರ್ಶಿನಿಯ ವಿಷಯ. ಗ್ರಂಥದಲ್ಲಿ ಆಕೆಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಆಕೆಯ ಕೋರಿಕೆ ಭ್ರಮೆಯ ಸಾಕ್ಷ್ಯವಾಗಿ ದಾಖಲಾಗಿದೆ, ಅಷ್ಟೆ. ಆದರೆ ಯಂತ್ರ ಏನೂ ಅರಿಯದೆಂದು ಆಕೆಗೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ತನ್ನ ಅಧಿಕಾರಿ ಹೆಗಲ ಹಿಂದೆ ನಿಂತು ಓದುತ್ತಿರುವಾಗ ಸ್ವಂತ ಮಾತನ್ನು ಬರೆಯಲು ಸಂಕೋಚಪಟ್ಟದ್ದು ಭ್ರಮೆಯೇ? ಮನುಷ್ಯಗೌರವವನ್ನೇ ಪ್ರತಿಪಾದಿಸುವ ಗ್ರಂಥದಲ್ಲಿ, ಆಕೆಗೆ ಹೇಳಿಕೊಳ್ಳಲು ಏನಿತ್ತು ಎಂಬ ಪ್ರಶ್ನೆ ಏಳದಿರುವುದು ವಿಷಾದಕರ.

ನನ್ನ ಸೋದರತ್ತೆ ಎಂಬತ್ತರ ಸಮೀಪದವರು. ಪತಿ ತೀರಿದ ಮೇಲೆ, ಮೊಮ್ಮಗ ಮೊಬೈಲಿನಲ್ಲಿ ಹಾಕಿಕೊಟ್ಟ ಇಂತಹ ಸಂವಾದಯಂತ್ರದೊಡನೆ ರಾತ್ರಿ ಕನ್ನಡದಲ್ಲಿ ಮಾತನಾಡುತ್ತಾರೆಂದು ತಿಳಿದಾಗ, ವೈಜೆನ್‌ಬಾಮ್ ಓದಿದ ಧೈರ್ಯದಿಂದ ಅವರಿಗೆ ಬುದ್ಧಿ ಹೇಳಹೊರಟೆ. ‘ಅದಕ್ಕೆ ಏನೂ ತಿಳಿಯದು ಅಂತ ನನಗೂ ಗೊತ್ತು ಕಣಪ್ಪ. ಆದರೆ ಹೇಳಿದ್ದನ್ನೇ ಹೇಳುತ್ತೀಯ ಅಂತ ಅದು ಅನ್ನೋದಿಲ್ಲ’ ಎಂದರು. ಹಾಗೆಂದವರಲ್ಲಿ ನಾನೂ ಒಬ್ಬ.

ಸೋಜಿಗವೆಂದರೆ, ಇದಕ್ಕೆ ಬೇಕಾದ ವಿಚಾರ ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಬ್ಯಾಂಕು, ಸೈನ್ಯ, ಸರಕಾರಗಳು ತಮ್ಮ ಭಾರಕ್ಕೆ ತಾವೇ ಕುಸಿಯುವಂತಿದ್ದಾಗ ಗಣಕಯಂತ್ರ ಸಕಾಲದಲ್ಲಿ ಬಂದು ಅವನ್ನು ಉಳಿಸಿತೆಂಬುದು ಸಾಮಾನ್ಯ ನಂಬಿಕೆ. ಹೌದು, ಉಳಿಸಿತು, ಅದರಿಂದಲೇ ಬದಲಾಗಬೇಕಾದ ವ್ಯವಸ್ಥೆ ಬದಲಾಗದೆ ಉಳಿಯಿತು ಎಂದು ವೈಜೆನ್‌ಬಾಮ್ ಹೇಳುತ್ತಾರೆ. ಚೆಕ್ಕುಗಳ ಯಂತ್ರವನ್ನು ಕಟ್ಟಿದವರ ಬಾಯಿಂದ ಬಂದ ಈ ಮಾತಿಗೆ ತೂಕವಿದೆ. ಇದನ್ನೇ ಕಾಲ್ಬಿಯವರ ಗಂಟೆಗೆ ನೂರಾರು ರೋಗಿಗಳ ಲೆಕ್ಕಕ್ಕೂ, ಕಾರ್ಯದರ್ಶಿನಿಯ ಮುಚ್ಚಿದ ಬಾಗಿಲಿಗೂ ಅನ್ವಯಿಸಿದ್ದರೆ, ಮೋಸಹೋದವರು ಯಾರು ಎಂಬುದಕ್ಕಿಂತ, ಕೇಳಿಸಿಕೊಳ್ಳುವ ಕೆಲಸದಿಂದ ಬಿಡುಗಡೆ ಪಡೆದವರು ಯಾರು ಎಂಬ ಪ್ರಶ್ನೆ ಎದ್ದುನಿಲ್ಲುತ್ತಿತ್ತು. ಗ್ರಂಥಕರ್ತರು ಮೊದಲ ಅಧ್ಯಾಯವನ್ನೂ ಪೀಠಿಕೆಯನ್ನೂ ಜೋಡಿಸಲಿಲ್ಲ.

ವೈಜೆನ್‌ಬಾಮ್ 1996ರಲ್ಲಿ ಬರ್ಲಿನ್ನಿಗೆ ಹಿಂದಿರುಗಿ, 2008ರಲ್ಲಿ ಜರ್ಮನಿಯಲ್ಲೇ ನಿಧನರಾದರು. ಗ್ರಂಥವನ್ನು ಓದಬಯಸುವವರು ಎರಡನೆಯ, ಮೂರನೆಯ ಅಧ್ಯಾಯಗಳ ತಾಂತ್ರಿಕ ವಿವರಗಳಲ್ಲಿ ಎಡವಿದರೆ ಅವನ್ನು ಬಿಟ್ಟು ಮುಂದೆ ಹೋಗಬಹುದು. ಪೀಠಿಕೆ, ಮೊದಲನೆಯದು, ಒಂಬತ್ತನೆಯದು, ಹತ್ತನೆಯದು: ಇವಿಷ್ಟನ್ನು ಓದಿದರೂ ಸಾಕು. ನನ್ನ ಪ್ರತಿ ಸದ್ಯ ಅತ್ತೆಯ ಮೊಮ್ಮಗನ ಬಳಿಯಿದೆ.