ಮನೆಗೊಂದೇ ಕಂಪ್ಯೂಟರು, ಅಡ್ಮಿನ್ ಯಾರು?

ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ ಮನೆಗೆ ಬರುವ ಕಂಪ್ಯೂಟರು ಸಾಮಾನ್ಯವಾಗಿ ಮೈಸೂರಿನ ಯಾವುದೋ ಅಂಗಡಿಯಲ್ಲಿ ಜೋಡಣೆಯಾಗಿ, ಅಲ್ಲೇ ವಿಂಡೋಸ್ ಹಾಕಿಸಿಕೊಂಡು ಬರುತ್ತದೆ. ಅದರಲ್ಲಿ ಇರುವುದು ಒಂದೇ ಖಾತೆ. ಹೆಸರು ‘ಯೂಸರ್’ ಇಲ್ಲವೇ ‘ಅಡ್ಮಿನ್’. ಪಾಸ್‌ವರ್ಡ್ ಇರುವುದಿಲ್ಲ, ಇದ್ದರೆ 1234. ಅಪ್ಪ ಅಂಗಡಿಯ ಲೆಕ್ಕ ಬರೆಯುವುದು, ಮಗಳು ಡಿಗ್ರಿಯ ಅಸೈನ್‌ಮೆಂಟ್ ಟೈಪ್ ಮಾಡುವುದು, ಪಿಯುಸಿ ಓದುವ ಹುಡುಗ ಗೇಮ್ ಆಡುವುದು, ಹಳ್ಳಿಯಿಂದ ಬಂದ ಚಿಕ್ಕಪ್ಪ ಪಹಣಿ ತೆಗೆಸುವುದು ಎಲ್ಲವೂ ಆ ಒಂದೇ ಖಾತೆಯಲ್ಲಿ. ಆ ಖಾತೆಗೆ ಯಂತ್ರದ ಮೇಲೆ ಪೂರ್ಣಾಧಿಕಾರ, ಅಂದರೆ ಅದೇ ಅಡ್ಮಿನ್. ಒಂದೆರಡು ವರ್ಷ ಹೀಗೆ ನಡೆದ ಮೇಲೆ ‘ಸಿಸ್ಟಮ್ ಸ್ಲೋ ಆಗ್ಬುಟ್ಟದೆ’ ಎಂದು ಅದೇ ಅಂಗಡಿಗೆ ಹೊತ್ತೊಯ್ದು ಫಾರ್ಮ್ಯಾಟ್ ಮಾಡಿಸಿಕೊಂಡು ಬರುತ್ತಾರೆ. ಮತ್ತೆ ಅದೇ ‘ಯೂಸರ್’.

ಈ ಪದ್ಧತಿ ಎಷ್ಟು ಕೆಟ್ಟದ್ದು ಎಂಬುದು 2020ರಲ್ಲಿ ಗೊತ್ತಾಯಿತು. ಆ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡು ಊರು ಬಾಗಿಲು ಹಾಕಿಕೊಂಡಿತು. ಆಮೇಲೆ ಆನ್‌ಲೈನ್ ಕ್ಲಾಸುಗಳು ಶುರುವಾದವು. ಅಲ್ಲಿಯವರೆಗೆ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡಿದ್ದ ಯಂತ್ರದ ಮುಂದೆ ಮನೆಮಂದಿಯೆಲ್ಲ ಸರದಿ ನಿಂತರು. ಅಕ್ಕನ ಕ್ಲಾಸಿಗೆ ತಮ್ಮನ ಹೆಸರು, ತಮ್ಮನ ಪರೀಕ್ಷೆಗೆ ಅಪ್ಪನ ಜಿಮೇಲ್. ಇವತ್ತಿಗೂ ಎಷ್ಟೋ ಮನೆಗಳಲ್ಲಿ ವಿದ್ಯಾರ್ಥಿವೇತನದ ಪಾಸ್‌ವರ್ಡ್, ಬ್ಯಾಂಕಿನ ಪಾಸ್‌ವರ್ಡ್ ಎರಡೂ ಒಂದೇ ಬ್ರೌಸರಿನಲ್ಲಿ ‘ಸೇವ್’ ಆಗಿ ಕೂತಿವೆ, ಕೂತವರಿಗೆಲ್ಲ ಸಿಗುವಂತೆ.

ಬೇರೆ ಬೇರೆ ಖಾತೆ ಮಾಡಿಕೊಳ್ಳಿ ಎನ್ನುವುದು ಸುಲಭ. ಆ ಸಲಹೆ ಸರಿಯಾದದ್ದೇ. ಆದರೆ ಆ ವ್ಯವಸ್ಥೆ ನಮ್ಮ ಮನೆಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ.

ಖಾತೆ, ಪಾಸ್‌ವರ್ಡ್ ಎಂಬುದೆಲ್ಲ ಮನೆಗೆಂದು ಹುಟ್ಟಿದ್ದಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೋರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದರು. ಒಬ್ಬೊಬ್ಬರ ಕಡತ ಒಬ್ಬೊಬ್ಬರಿಗೇ ಇರಲಿ ಎಂದು ಅದಕ್ಕೆ ಪಾಸ್‌ವರ್ಡ್ ಇಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟಿದ್ದ ಹೊತ್ತು ಸಾಲದೆಂದು ಎಲ್ಲರ ಪಾಸ್‌ವರ್ಡಿನ ಕಡತವನ್ನೇ ಪ್ರಿಂಟ್ ಹಾಕಿಸಿಕೊಂಡ. ನಮ್ಮ ಪಿಯುಸಿ ಹುಡುಗರಿಗೆ ಒಳ್ಳೆಯ ಪೂರ್ವಜ. ಏನೇ ಇರಲಿ, ಈ ವ್ಯವಸ್ಥೆಯ ಹಿಂದಿರುವ ಕಲ್ಪನೆ ಒಂದು ಸಂಸ್ಥೆಯದ್ದು: ನಿಭಾಯಿಸಲು ಸಂಬಳದ ಮನುಷ್ಯ, ಬಳಸಲು ಮಿಕ್ಕವರು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮನೆಮಂದಿಯ ಖಾತೆಗಳಿಗೆ ಬಾತುಕೋಳಿ, ಗಿಟಾರಿನ ಚಿತ್ರ ಅಂಟಿಸಿ ಚೆಂದ ಮಾಡಿತು. ಇನ್‌ಸ್ಟಾಲ್ ಮಾಡುವಾಗ ಸೇರಿಸಿದ ಹೆಸರುಗಳನ್ನೆಲ್ಲ ಸುಮ್ಮನೆ ಅಡ್ಮಿನ್‌ಗಳನ್ನಾಗಿಯೂ ಮಾಡಿಬಿಟ್ಟಿತು. ಪ್ರೋಗ್ರಾಂ ಬರೆಯುವವರೂ ಅದಕ್ಕೇ ಒಗ್ಗಿಕೊಂಡರು. 2007ರ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಯಂತ್ರದಲ್ಲಿ ಬದಲಾವಣೆ ಮಾಡುವ ಮೊದಲು ಅನುಮತಿ ಕೇಳುವ ಕಿಟಕಿ ತಂದಿತು. ಅಡ್ಮಿನ್ ಆಗಿ ಕೂತವನಿಗೆ ಅಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ ಮುಗಿಯಿತು. ಓದದೆ ಒತ್ತುವುದು ಬೆರಳಿಗೆ ಅಭ್ಯಾಸವಾಯಿತು. ಸೀಮಿತ ಅಧಿಕಾರದ ‘ಸ್ಟಾಂಡರ್ಡ್’ ಖಾತೆಯಲ್ಲಿ ಕೂತವನಿಗೆ ಅದೇ ಕಿಟಕಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಲ್ಲೇ ಈ ಇಡೀ ವ್ಯವಸ್ಥೆಯ ಬೆಲೆ ಅಡಗಿದೆ.

ಎಲ್ಲಿ ಕೈಕೊಡುತ್ತದೆ? ಉದಾಹರಣೆಗೆ ನರಸೀಪುರದ ಕಡೆಯ ಗೊಬ್ಬರದಂಗಡಿ ಇಟ್ಟಿರುವ ಮನೆಯೊಂದನ್ನು ತೆಗೆದುಕೊಳ್ಳಿ. ಬಿಲ್ಲಿಂಗಿಗೆ ಹದಿನೈದು ವರ್ಷದ ಹಿಂದೆ ಯಾರೋ ವಿಷುಯಲ್ ಬೇಸಿಕ್‌ನಲ್ಲಿ ಬರೆದುಕೊಟ್ಟ ಪ್ರೋಗ್ರಾಂ. ಅದರ ಲೆಕ್ಕದ ಫೈಲು ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನೊಳಗೇ ಇದೆ. ಮಗ ಬುದ್ಧಿವಂತಿಕೆ ಮಾಡಿ ಅಪ್ಪನಿಗೊಂದು, ತನಗೊಂದು ಖಾತೆ ಮಾಡಿದ್ದಾನೆ. ಬೆಳಗ್ಗೆ ಅಪ್ಪ ಹತ್ತು ಮೂಟೆ ಯೂರಿಯಾ ಉದ್ರಿ ಬರೆದಿದ್ದಾರೆ. ಸಂಜೆ ಮಗ ತನ್ನ ಖಾತೆಯಲ್ಲಿ ಅದೇ ಪ್ರೋಗ್ರಾಂ ತೆಗೆದರೆ ಆ ಉದ್ರಿಯೇ ಇಲ್ಲ. ‘ನೀನೇ ಏನೋ ಅಳಿಸ್ದೆ’ ಎಂದು ಅಪ್ಪ, ‘ನೀವು ಸೇವ್ ಮಾಡಿಲ್ಲ ಅಪ್ಪಾಜಿ’ ಎಂದು ಮಗ. ಇಬ್ಬರದೂ ತಪ್ಪಿಲ್ಲ. ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅಧಿಕಾರವಿಲ್ಲ. ಹಳೆಯ ಪ್ರೋಗ್ರಾಂಗಳು ಅದರಿಂದ ನಿಂತುಹೋಗಬಾರದೆಂದು ವಿಸ್ಟಾದಿಂದೀಚೆಗೆ ವಿಂಡೋಸ್ ಒಂದು ಉಪಾಯ ಮಾಡುತ್ತದೆ: ಬರೆದದ್ದನ್ನು ಗುಟ್ಟಾಗಿ ಆಯಾ ಬಳಕೆದಾರನ ಫೋಲ್ಡರಿನೊಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಜಾಗಕ್ಕೆ ತಿರುಗಿಸುತ್ತದೆ. ಪ್ರೋಗ್ರಾಂಗೂ ಇದು ತಿಳಿಯುವುದಿಲ್ಲ, ಅಪ್ಪನಿಗೂ ತಿಳಿಯುವುದಿಲ್ಲ. ಒಂದೇ ಅಂಗಡಿಗೆ ಎರಡು ಉದ್ರಿ ಪುಸ್ತಕ.

ರಿಪೇರಿಯವರನ್ನು ಕರೆದರೆ ಐದು ನಿಮಿಷದಲ್ಲಿ ಇಬ್ಬರನ್ನೂ ಅಡ್ಮಿನ್ ಮಾಡಿ, ಪ್ರೋಗ್ರಾಂ ಯಾವಾಗಲೂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗುವಂತೆ ಟಿಕ್ ಹಾಕಿ ಹೋಗುತ್ತಾರೆ. ಮುಂದಿನ ಲೆಕ್ಕ ಒಂದಾಗುತ್ತದೆ, ಖಾತೆ ಬೇರೆ ಮಾಡಿದ ಉದ್ದೇಶ ಮಣ್ಣುಪಾಲಾಗುತ್ತದೆ. ಮಾಡಬೇಕಾದದ್ದು ಬೇರೆ. ಆ ಒಂದು ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ‘ಯೂಸರ್ಸ್’ ಎಂಬ ಸಾಲಿಗೆ ‘ಮಾಡಿಫೈ’ ಅನುಮತಿ ಕೊಟ್ಟರೆ ಸಾಕು. ಜೊತೆಗೆ ವರ್ಚುವಲ್‌ಸ್ಟೋರಿನಲ್ಲಿರುವ ನಕಲುಗಳನ್ನು ಬ್ಯಾಕಪ್ ಇಟ್ಟು ಅಲ್ಲಿಂದ ತೆಗೆಯಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಮತ್ತೆ ಅದನ್ನೇ ಓದುತ್ತದೆ. ಎರಡು ಫೈಲಿನ ಉದ್ರಿಗಳನ್ನು ಕೂಡಿಸುವ ಕೆಲಸ ಮಾತ್ರ ಕೂತು ಕೈಯಲ್ಲೇ ಆಗಬೇಕು. ಒಬ್ಬ ಮನುಷ್ಯನಿಗೆ ಇಡೀ ಯಂತ್ರದ ಅಧಿಕಾರ ಕೊಡುವುದಕ್ಕೂ ಒಂದು ಫೋಲ್ಡರಿನ ಅಧಿಕಾರ ಕೊಡುವುದಕ್ಕೂ ಇರುವ ಅಂತರವನ್ನು ವಿಂಡೋಸ್ ಬಲ್ಲದು. ಆದರೆ ಅದನ್ನು ನಾಲ್ಕು ಕಿಟಕಿ ಆಚೆ ಬಚ್ಚಿಟ್ಟು, ‘ಅಡ್ಮಿನ್ ಮಾಡಿ’ ಎಂಬ ಗುಂಡಿಯನ್ನು ಕಣ್ಣೆದುರಿಗೆ ಇಟ್ಟಿದೆ. ಇದು ವಿನ್ಯಾಸದ ದೋಷ, ಬಳಕೆದಾರನ ದಡ್ಡತನವಲ್ಲ.

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ್ದೂ ಇದೇ ತರಹದ ಗೋಳು. ಕಡಿಮೆ ಅಧಿಕಾರದ ಪ್ರೋಗ್ರಾಂ ಒಂದು ಹೆಚ್ಚು ಅಧಿಕಾರದ ಕಿಟಕಿಯೊಳಗೆ ಕೀಲಿ ಒತ್ತುವಂತಿಲ್ಲ ಎಂಬ ನಿಯಮವಿದೆ. ಆದ್ದರಿಂದ ಡಿಟಿಪಿ ತಂತ್ರಾಂಶ ಅಡ್ಮಿನ್ ಆಗಿ ಓಡುತ್ತಿದ್ದರೆ ನುಡಿಯ ಅಕ್ಷರ ಅಲ್ಲಿ ಬೀಳುವುದಿಲ್ಲ. ಸರಿ ಎಂದು ನುಡಿಯನ್ನೂ ಅಡ್ಮಿನ್ ಮಾಡಿದರೆ, ಮಗಳು ಒಂದು ಕನ್ನಡ ಅರ್ಜಿ ಬರೆಯಬೇಕಾದಾಗಲೆಲ್ಲ ಪಾಸ್‌ವರ್ಡಿಗೆ ಅಣ್ಣನನ್ನು ಕೂಗಬೇಕು.

ಇನ್ನು ಡಿ ಡ್ರೈವ್. ನಮ್ಮ ಅಂಗಡಿಗಳು ಹಾರ್ಡ್‌ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿಯೇ ಕೊಡುತ್ತವೆ. ‘ಸಿ ಫಾರ್ಮ್ಯಾಟ್ ಆದ್ರೂ ಡಿ ಉಳೀತದೆ’ ಎಂಬುದು ವೇದವಾಕ್ಯ. ಹಾಗಾಗಿ ಮುಖ್ಯವಾದದ್ದೆಲ್ಲ ಡಿಯಲ್ಲಿ: ಅಪ್ಪಾಜಿ, ಅಕ್ಕ, ಮದುವೆ ಫೋಟೊ, ಆಧಾರ್. ಖಾತೆ ಬೇರೆ ಮಾಡಿದ ಮೇಲೆ ತಮ್ಮ ಕಡತ ಭದ್ರ ಎಂದು ಎಲ್ಲರೂ ನಂಬುತ್ತಾರೆ. ನಿಜಕ್ಕೂ ಬೇರೆ ಬಳಕೆದಾರರಿಂದ ಮರೆಯಾಗಿರುವುದು ಸಿ ಡ್ರೈವಿನೊಳಗೆ ಅವರವರ ಹೆಸರಿನ ಫೋಲ್ಡರಿನಲ್ಲಿ ಇಟ್ಟದ್ದು ಮಾತ್ರ. ಡಿ ಡ್ರೈವಿನಲ್ಲಿ ಇಟ್ಟದ್ದನ್ನು ಲಾಗಿನ್ ಆದ ಯಾರು ಬೇಕಾದರೂ ತೆರೆಯಬಹುದು, ತಿದ್ದಬಹುದು, ಅಳಿಸಬಹುದು. ವಿಂಡೋಸಿನ ಮೂಲ ಅನುಮತಿಯೇ ಹಾಗಿದೆ. ಸಿಯೊಳಗಿನದೂ ಅಡ್ಮಿನ್ ಆದವನಿಗೆ ‘ಕಂಟಿನ್ಯೂ’ ಒತ್ತಿದರೆ ತೆರೆದುಕೊಳ್ಳುತ್ತದೆ. ಹಾಗಾದರೆ ಅಡ್ಮಿನ್ ಯಾರು ಎಂಬುದೇ ದೊಡ್ಡ ಪ್ರಶ್ನೆ.

ನಮ್ಮಲ್ಲಿ ಉತ್ತರ ಎರಡು ಬಗೆ. ಒಂದು, ‘ಮನೆ ಯಜಮಾನ್ರು ಅಪ್ಪಾಜಿ, ಅವರದೇ ಅಡ್ಮಿನ್ ಇರಲಿ’. ಆದರೆ ದಿನವೂ ಬಿಲ್ಲು ಹಾಕುತ್ತಾ, ವಾಟ್ಸಾಪಿನಲ್ಲಿ ಬಂದ ಫೈಲನ್ನೆಲ್ಲ ತೆರೆಯುವವರ ಖಾತೆಗೇ ಪೂರ್ಣಾಧಿಕಾರ ಇರುವುದು ಅಪಾಯ. ಇನ್ನೊಂದು, ‘ಹುಡುಗನಿಗೆ ಗೊತ್ತಾಗ್ತದೆ, ಅವನೇ ನೋಡ್ಕೊಳ್ಳಲಿ’. ಕ್ರ್ಯಾಕ್ ಮಾಡಿದ ಗೇಮು ಇಳಿಸುವವನೂ ಅವನೇ; ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ. ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಪ್ರಿಂಟರ್ ಡ್ರೈವರ್ ಹಾಕಲೂ ಅವನಿಗೆ ಫೋನ್ ಮಾಡಬೇಕು. ಅಧಿಕಾರ ಯಾರ ದಿನನಿತ್ಯದ ಖಾತೆಗೂ ಬೇಡ ಎಂದು ನನ್ನ ಖಚಿತ ಅಭಿಪ್ರಾಯ. ‘ಮನೆ’ ಎಂಬ ಹೆಸರಿನ ಅಡ್ಮಿನ್ ಖಾತೆ ಒಂದು, ಅದರ ಪಾಸ್‌ವರ್ಡು ಚೀಟಿಯಲ್ಲಿ ಬರೆದು ಬೀರುವಿನಲ್ಲಿ. ಅಪ್ಪನನ್ನೂ ಸೇರಿಸಿ ಎಲ್ಲರದೂ ಸ್ಟಾಂಡರ್ಡ್. ಯಜಮಾನಿಕೆಗೆ ಇದರಿಂದ ಕುಂದೇನೂ ಇಲ್ಲ.

ಯಜಮಾನಿಕೆ ಎಂದಾಗ ಅವ್ವನ ಮಾತು ಬರಲೇಬೇಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಸಿಕ್ಕ ಗೃಹಲಕ್ಷ್ಮಿ ಯೋಜನೆ ಪಡಿತರ ಚೀಟಿಯ ಪ್ರಕಾರ ಅವಳನ್ನೇ ಮನೆಯ ಯಜಮಾನಿ ಎಂದು ಗುರುತಿಸಿ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಅದೇ ಮನೆಯ ಕಂಪ್ಯೂಟರಿನಲ್ಲಿ ಅವಳಿಗೆ ಖಾತೆಯೇ ಇರುವುದಿಲ್ಲ. ‘ಅವ್ವ ಎಲ್ಲಿ ಕಂಪ್ಯೂಟರ್ ಮುಟ್ತಾಳೆ’ ಎನ್ನುತ್ತಾರೆ. ಮುಟ್ಟದಿರುವುದಕ್ಕೆ ಖಾತೆ ಇಲ್ಲದಿರುವುದೂ ಒಂದು ಕಾರಣ ಇರಬಹುದಲ್ಲ.

ನೆಂಟರ ವಿಷಯದಲ್ಲಿ ಮೈಕ್ರೋಸಾಫ್ಟ್ ನಮ್ಮನ್ನು ಸರಿಯಾಗಿ ಕೈಬಿಟ್ಟಿದೆ. ಹಿಂದಿನ ವಿಂಡೋಸಿನಲ್ಲಿ ‘ಗೆಸ್ಟ್’ ಖಾತೆ ಇತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದರಿಂದ ಲಾಗಿನ್ ಆಗುವುದನ್ನು ತೆಗೆದರು. ದೊಡ್ಡ ಜಾತ್ರೆಯ ಐದು ತೇರು ನೋಡಲು ನಂಜನಗೂಡಿಗೆ ಬಂದ ನೆಂಟರ ಮಕ್ಕಳು, 2025ರ ಫೆಬ್ರವರಿಯ ಕುಂಭಮೇಳಕ್ಕೆ ನರಸೀಪುರದ ಮನೆಯಲ್ಲಿ ಉಳಿದುಕೊಂಡವರು, ಹಾಲ್‌ಟಿಕೆಟ್ ಪ್ರಿಂಟಿಗೆ ಬರುವ ಪಕ್ಕದ ಮನೆ ಹುಡುಗಿ, ಇವರಿಗೆಲ್ಲ ‘ಆಗಲ್ಲ’ ಎನ್ನಲು ಬರುತ್ತದೆಯೇ? ‘ನೆಂಟರು’ ಎಂದು ಪಾಸ್‌ವರ್ಡ್ ಇಲ್ಲದ ಸ್ಟಾಂಡರ್ಡ್ ಖಾತೆ ಒಂದನ್ನು ನಾವೇ ಮಾಡಿಡಬೇಕು. ಡಿ ಡ್ರೈವಿನ ಅನುಮತಿ ಬಿಗಿ ಮಾಡುವುದು ಅದಕ್ಕೂ ಮೊದಲಿನ ಕೆಲಸ.

ತಾಲ್ಲೂಕು ಕಚೇರಿಯಲ್ಲಿ ಜಮೀನಿನ ದಾಖಲೆ ಇಡುವ ‘ಭೂಮಿ’ ವ್ಯವಸ್ಥೆಯನ್ನು ಮನೆಯ ಈ ಖಾತೆಗಳ ಪಕ್ಕದಲ್ಲಿಟ್ಟು ನೋಡಬಹುದು. ಪಹಣಿ ಕಂಪ್ಯೂಟರಿಗೆ ಏರಿದಾಗ ಅಲ್ಲಿನ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟರು. ಯಾವ ಬದಲಾವಣೆ ಯಾರು ಮಾಡಿದರೆಂಬುದಕ್ಕೆ ದಾಖಲೆ ಇರಬೇಕು, ಆಮೇಲೆ ‘ನಾನಲ್ಲ’ ಎನ್ನುವಂತಿಲ್ಲ. ಜಮೀನಿನ ವಿಷಯದಲ್ಲಿ ಅದು ಬೇಕೇ ಬೇಕು. ಮನೆಯಲ್ಲಿ ಅದೇ ಮನೋಭಾವ ತಂದರೆ ಕೆಡುತ್ತದೆ. ಕೆಲವು ಅಪ್ಪಂದಿರು ಖಾತೆ ಬೇರೆ ಮಾಡುವುದೇ ಯಾರು ಏನು ನೋಡಿದರು ಎಂದು ಹಿಡಿಯಲು. ಮೈಕ್ರೋಸಾಫ್ಟಿನ ಫ್ಯಾಮಿಲಿ ಸೇಫ್ಟಿ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಅದು ಕೆಲಸವನ್ನಾದರೂ ಪೂರ್ತಿ ಮಾಡುತ್ತದೆಯೇ ಎಂದರೆ, ಮಗುವಿಗೆ ಮೈಕ್ರೋಸಾಫ್ಟ್ ಖಾತೆ ಇರಬೇಕು, ವೆಬ್ ತಡೆ ಎಡ್ಜ್ ಬ್ರೌಸರಿನಲ್ಲಿ ಮಾತ್ರ, ಅದನ್ನು ಹಾಕದ ಮೊಬೈಲಿಗೆ ಅದು ತಾಗುವುದೇ ಇಲ್ಲ. ಎಂಟು ವರ್ಷದ ಮಗುವಿಗೆ ಹೊತ್ತಿನ ಮಿತಿ ಹಾಕಲು ಪರವಾಗಿಲ್ಲ. ಹತ್ತೊಂಬತ್ತರ ಮಗಳ ಮೇಲೆ ಹಾಕಿದರೆ ಅದು ಬರೀ ಅನುಮಾನ.

ವಿಂಡೋಸ್ 11 ಹೋಮ್ ಶುರುವಿನಲ್ಲೇ ಇಂಟರ್‌ನೆಟ್ಟು, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಇಮೇಲ್ ಇಲ್ಲದ ಅವ್ವನಿಗೆ ಮಗ ತನ್ನದನ್ನೇ ಕೊಟ್ಟು ಮುಗಿಸುತ್ತಾನೆ, ಅಲ್ಲಿಗೆ ಎರಡು ಖಾತೆ ಮತ್ತೆ ಒಂದಾದವು. ಮೊದಲ ಖಾತೆ ಆದ ಮೇಲೆ ‘ಅದರ್ ಯೂಸರ್ಸ್’ ಎಂಬಲ್ಲಿ ಇಮೇಲ್ ಇಲ್ಲದೆಯೂ ಸೇರಿಸಲು ದಾರಿ ಇದೆ, ಹುಡುಕಬೇಕಷ್ಟೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಓಡದ ಹಳೆಯ ಯಂತ್ರಗಳಿಗೆ ಅದರ ಬದಲು ಉಬುಂಟು ಹಾಕಿಸುವವರು ಈಗ ಕಾಣುತ್ತಾರೆ. ಖಾತೆಗಳ ವಿಷಯದಲ್ಲಿ ಅದು ಮೇಲು: 21.04ನೇ ಆವೃತ್ತಿಯಿಂದ ಒಬ್ಬರ ಹೋಮ್ ಫೋಲ್ಡರನ್ನು ಇನ್ನೊಬ್ಬರು ಇಣುಕದಂತೆ ತಾನೇ ಮುಚ್ಚಿರುತ್ತದೆ, ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯೂ ಸಿಗುತ್ತದೆ. ಓದುವ ಮಕ್ಕಳಷ್ಟೇ ಬಳಸುವ ಮನೆಗೆ ನಾನು ಧಾರಾಳವಾಗಿ ಹಾಕಿಸಿ ಎನ್ನುತ್ತೇನೆ. ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ನೆಚ್ಚಿಕೊಂಡ ಗೊಬ್ಬರದಂಗಡಿಯ ಮನೆಗೆ ಬೇಡ. ಹಾಕಿಸುವವರು ಒಂದು ಗಮನಿಸಬೇಕು. ಅಲ್ಲೂ ಇನ್‌ಸ್ಟಾಲ್ ಮಾಡುವಾಗ ಮೊದಲು ಹುಟ್ಟುವ ಖಾತೆಗೇ ಪೂರ್ಣಾಧಿಕಾರ ಸಿಗುತ್ತದೆ. ಅಂಗಡಿಯವರು ‘ಯೂಸರ್’ ಎಂದು ಟೈಪ್ ಮಾಡುವ ಮೊದಲೇ ‘ಮನೆ’ ಎಂದು ಹಾಕಿ ಅಂತ ಹೇಳಿ, ಮಿಕ್ಕವರದನ್ನು ಆಮೇಲೆ ಮಾಡಿಸಿಕೊಳ್ಳಿ.