ವಾದಗಳ ಬಲಾಬಲ ಮತ್ತು ಯಂತ್ರದ ನಿರ್ಣಯ

ವಾದದಲ್ಲಿ ಗೆದ್ದದ್ದೆಲ್ಲವೂ ಸತ್ಯವಲ್ಲವೆಂಬ ಎಚ್ಚರವು ಜೈನ ತರ್ಕಪರಂಪರೆಗೆ ಸಹಜವಾದುದು. ಇತರ ನಯಗಳನ್ನು ಅಲ್ಲಗಳೆದು ತಾನೊಂದೇ ಪೂರ್ಣಸತ್ಯವೆಂದು ಸಾರುವ ನಯವನ್ನು ಆಚಾರ್ಯರು ದುರ್ನಯವೆಂದು ಕರೆದರು. ಇಂದು ವಾದ-ಪ್ರತಿವಾದಗಳನ್ನು ಗಣಕಯಂತ್ರದ ಮುಂದಿಟ್ಟು, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಕೇಳುವ ಅಂತರ್ಜಾಲ ಸಾಧನಗಳು ರೂಪುಗೊಂಡಿವೆ. ವಿಯೆನ್ನಾದ ಆಸ್ಪಾರ್ಟಿಕ್ಸ್, ಡಂಡಿ ವಿಶ್ವವಿದ್ಯಾಲಯದ ಟೋಸ್ಟ್ ಇಂಥವು. ಇವುಗಳ ಗುಣದೋಷಗಳ ವಿವೇಚನೆ ಅಗತ್ಯವಾಗಿದೆ.

ಈ ಶಾಖೆಗೆ ತಳಹದಿಯಾದುದು 1995ರಲ್ಲಿ ಫಾನ್ ಮಿನ್ ಡುಂಗ್ ಪ್ರಕಟಿಸಿದ ಪ್ರಬಂಧ. ವಾದದೊಳಗಿನ ವಿಷಯವನ್ನು ಬದಿಗಿರಿಸಿ, ಯಾವ ವಾದ ಯಾವುದನ್ನು ಖಂಡಿಸುತ್ತದೆ ಎಂಬ ಸಂಬಂಧವನ್ನಷ್ಟೇ ಅದು ಪರಿಗಣಿಸುತ್ತದೆ. ಖಂಡನೆಯೇ ಇಲ್ಲದ ವಾದ ಸ್ವೀಕೃತ. ಅದು ಖಂಡಿಸಿದ್ದು ತಿರಸ್ಕೃತ. ತನ್ನ ಖಂಡನೆಗಳೆಲ್ಲ ತಿರಸ್ಕೃತವಾದ ವಾದವು ಮತ್ತೆ ಸ್ವೀಕೃತ. ಲೆಕ್ಕ ಹೀಗೆಯೇ ಸಾಗುತ್ತದೆ.

ಕೋಲಾರದ ಚಿನ್ನದ ಗಣಿ ಪ್ರದೇಶದ ಪ್ರಶ್ನೆಯೊಂದನ್ನು ಇದಕ್ಕೆ ಒಡ್ಡಿ ನೋಡಬಹುದು. ಗಣಿಗಳು 2001ರಲ್ಲಿ ಮುಚ್ಚಿದವು. ಸೈನೈಡ್ ಗುಡ್ಡಗಳು ಉಳಿದವು. 2024ರಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು 1,003 ಎಕರೆಯಲ್ಲಿರುವ 13 ಗುಡ್ಡಗಳ ಮೇಲ್ಮೈ ಗಣಿಗಾರಿಕೆಗೆ ಸಮ್ಮತಿಸಿತು. ಮೊದಲ ವಾದ: ಉಳಿದ ಚಿನ್ನ ತೆಗೆದರೆ ಉದ್ಯೋಗ ದೊರೆಯುವುದರಿಂದ ಅಗೆಯಬೇಕು. ಎರಡನೆಯದು: ಅಗೆದರೆ ಧೂಳು ಊರನ್ನು ಆವರಿಸುವುದರಿಂದ ಅಗೆಯಬಾರದು. ಇವೆರಡು ಪರಸ್ಪರ ಖಂಡಿಸುತ್ತವೆ. ಯಂತ್ರ ಯಾವುದನ್ನೂ ಸ್ವೀಕರಿಸದು. ಮೂರನೆಯ ವಾದ ಎರಡನೆಯದನ್ನು ಖಂಡಿಸುತ್ತದೆ: ಗುಡ್ಡಗಳನ್ನು ಹಾಗೆಯೇ ಬಿಟ್ಟರೂ ಗಾಳಿಗೆ ಧೂಳು ಏಳುತ್ತಲೇ ಇದೆ. ಈಗ ಎರಡನೆಯದು ಬಿದ್ದು ಮೊದಲನೆಯದು ಗೆಲ್ಲುತ್ತದೆ. ಈಗಿರುವ ಧೂಳಿಗಿಂತ ಅಗೆತದ ಧೂಳು ಹೆಚ್ಚೆಂಬ ನಾಲ್ಕನೆಯ ವಾದ ಬಂದು ಮೂರನೆಯದನ್ನು ಖಂಡಿಸಿದರೆ, ಮೊದಲೆರಡು ವಾದಗಳು ಮತ್ತೆ ಅನಿರ್ಣೀತವಾಗುತ್ತವೆ.

ಸಾಧನದ ಗುಣ ಇಲ್ಲಿ ಸ್ಪಷ್ಟ. ದನಿಯ ಏರಿಕೆ, ಅಧಿಕಾರ, ಸಂಪತ್ತು ಅದರ ಮುಂದೆ ನಿಷ್ಪ್ರಯೋಜಕ. ಯಾವ ವಾದ ಯಾವುದನ್ನು ಆಶ್ರಯಿಸಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ.

ದೋಷವೂ ಅಷ್ಟೇ ಗಂಭೀರ. ನಾಲ್ಕನೆಯ ವಾದವನ್ನು ಯಾರೂ ಬರೆದು ಸೇರಿಸದಿದ್ದರೆ, ಅದು ಇಲ್ಲವೇ ಇಲ್ಲವೆಂದು ಯಂತ್ರ ಬಗೆಯುತ್ತದೆ. ಅದರ ಪಾಲಿಗೆ ಮೌನವೇ ಸಮ್ಮತಿ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುವವರಿಗೆ ಸಭೆಗೆ ಬರಲು ಬಿಡುವೆಲ್ಲಿ? ಉದ್ಯೋಗದ ವಾದವೂ ಧೂಳಿನ ವಾದವೂ ಅವರದೇ. ಆದರೆ ಎರಡನ್ನೂ ಅನ್ಯರೇ ಬರೆಯುತ್ತಾರೆ. ಇನ್ನು, ನಾಲ್ಕನೆಯ ವಾದ ನಿಜವೇ ಎಂಬುದನ್ನು ಧೂಳನ್ನು ಅಳೆದೇ ತಿಳಿಯಬೇಕು. ಟೋಸ್ಟ್‌ನಂತಹ ಸಾಧನ ವಾದದ ಆಧಾರವಾಕ್ಯಗಳನ್ನೂ ನಿಯಮಗಳನ್ನೂ ಬರೆಸಿಕೊಂಡರೂ, ಅವು ನಿಜವೇ ಎಂದು ಪರೀಕ್ಷಿಸದು. ನಯಗಳನ್ನು ಜೋಡಿಸುವುದು ಪ್ರಮಾಣಕ್ಕೆ ಪರ್ಯಾಯವಾಗದು.

ಯಂತ್ರದ ‘ಅನಿರ್ಣೀತ’ವನ್ನು ಸಪ್ತಭಂಗಿಯ ‘ಅವಕ್ತವ್ಯ’ದೊಡನೆ ಸಮೀಕರಿಸುವ ಆತುರವೂ ಸಲ್ಲದು. ಸ್ಯಾದ್ವಾದವನ್ನು ಆಧುನಿಕ ವಿಜ್ಞಾನದ ಬೆಳಕಿನಲ್ಲಿ ನೋಡಿದ ಮಹಲನೋಬಿಸ್ (1954), ಹಾಲ್ಡೇನ್ (1957) ಮುಂತಾದವರ ಪ್ರಯತ್ನ ಗೌರವಾರ್ಹವೇ. ಆದರೆ ಅವಕ್ತವ್ಯವು ವಸ್ತುವಿನ ಅಸ್ತಿ-ನಾಸ್ತಿ ಧರ್ಮಗಳನ್ನು ಏಕಕಾಲದಲ್ಲಿ ನುಡಿಯಲಾಗದ ಸ್ಥಿತಿ; ಅನಿರ್ಣೀತವು ಲೆಕ್ಕ ಮುಂದೆ ಸಾಗದೆ ನಿಂತ ಸ್ಥಿತಿ. ಒಂದು ವಸ್ತುಧರ್ಮಕ್ಕೆ ಸಂಬಂಧಿಸಿದ್ದು, ಇನ್ನೊಂದು ಸಭೆಯ ಮುಂದಿರುವ ಸಾಮಗ್ರಿಗೆ.

ಆದುದರಿಂದ ಇಂಥ ಸಾಧನವನ್ನು ಕಟ್ಟುವವರು ‘ಸ್ವೀಕೃತ’ ಎಂಬ ಪದದೊಡನೆ, ಯಾವ ವಾದ ಬಂದರೆ ಈ ನಿರ್ಣಯ ಬದಲಾದೀತೆಂಬುದನ್ನೂ ತೋರಿಸಬೇಕು. ಬಸದಿಯ ಆಡಳಿತ ಮಂಡಳಿಗಳಿಗೂ ಇದು ಅನ್ವಯ. ನಡಾವಳಿ ಪುಸ್ತಕದಲ್ಲಿ ಠರಾವಿನೊಂದಿಗೆ ಭಿನ್ನಮತವನ್ನೂ ಬರೆದಿಡಬೇಕು. ಗೈರುಹಾಜರಾದವರನ್ನು ಕೇಳದೆ ‘ಸರ್ವಾನುಮತ’ವೆಂದು ಬರೆಯಬಾರದು. ಇದಕ್ಕೆ ಯಂತ್ರವೇನೂ ಬೇಕಿಲ್ಲ.