ಶ್ವೇತಾಶ್ವ ಮತ್ತು ಆದಿಶೇಷ: ಎರಡು ಸೇವಾಕಥೆಗಳು

ಚೀನಾದ ‘ಪಶ್ಚಿಮಯಾತ್ರೆ’ ಎಂಬ ಕಾದಂಬರಿಯಲ್ಲಿ ಅಪರಾಧಿಯಾದ ಮಹಾಸರ್ಪವೊಂದು ಕುದುರೆಯಾಗಿ, ಭಿಕ್ಷುವೊಬ್ಬನನ್ನು ಹೊತ್ತು, ಉದ್ಧಾರವನ್ನು ಪಡೆಯುತ್ತದೆ. ಬೌದ್ಧಗ್ರಂಥಗಳನ್ನು ಭಾಷಾಂತರಿಸಿದ ಚೀನೀಯರು ‘ನಾಗ’ ಶಬ್ದಕ್ಕೆ ತಮ್ಮ ‘ಲುಂಗ್’ ಶಬ್ದವನ್ನೇ ಬಳಸಿದುದರಿಂದ, ಇದು ನಮ್ಮ ನಾಗಕಥೆಗಳ ಪ್ರತಿಧ್ವನಿಯೆಂದು ಎಣಿಸುವುದು ಸುಲಭ. ಆ ತೀರ್ಮಾನವು ನಮಗೆ ಅವಸರದ್ದಾಗಿ ತೋರುತ್ತದೆ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಸುತ್ತಿನವರು ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ರಂಗನಾಥನು ಪವಡಿಸಿರುವುದು ಆದಿಶೇಷನ ಮೇಲೆ. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರನ್ನು ಸಂಪ್ರದಾಯವು ಶೇಷನ ಅವತಾರವೆಂದೇ ನಂಬುತ್ತದೆ.

ಮೊದಲು ಚೀನೀ ಕಥೆ. ಪಶ್ಚಿಮಸಮುದ್ರದ ನಾಗರಾಜನ ಮಗನು ಅರಮನೆಯ ಮುತ್ತನ್ನು ಬೆಂಕಿಗೆ ಈಡುಮಾಡಿದನು. ತಂದೆಯೇ ದೂರು ಕೊಟ್ಟನು. ಮುನ್ನೂರು ಪೆಟ್ಟು ತಿಂದು ಆಕಾಶದಲ್ಲಿ ತೂಗಾಡುತ್ತ ಮರಣದಂಡನೆಗಾಗಿ ಕಾದಿದ್ದವನನ್ನು ಕುವಾನ್‌ಯಿನ್ ದೇವಿಯು, ಎಂದರೆ ಚೀನೀಯರ ಅವಲೋಕಿತೇಶ್ವರನು, ಬಿಡಿಸಿ, ಭಿಕ್ಷುವಿನ ಸೇವೆಗೆ ನೇಮಿಸಿದಳು. ಅವನು ಮೊದಲು ಭಿಕ್ಷುವಿನ ಕುದುರೆಯನ್ನೇ ನುಂಗಿದನು. ಬಳಿಕ ಅದರ ಸ್ಥಾನದಲ್ಲಿ ತಾನೇ ಬಿಳಿಯ ಕುದುರೆಯಾದನು. ಯಾತ್ರೆ ಮುಗಿದಾಗ ಬುದ್ಧನು ಆತನಿಗೆ ಪದವಿಯನ್ನಿತ್ತು ಸರ್ಪರೂಪವನ್ನು ಮರಳಿ ಕೊಡುತ್ತಾನೆ. ಇದು ಅವಧಿಯುಳ್ಳ ಸೇವೆ: ಶಿಕ್ಷೆಯು ಸೇವೆಯಾಗಿ ಮಾರ್ಪಟ್ಟು, ಸೇವೆಯು ವೇತನದಲ್ಲಿ ಮುಗಿಯುತ್ತದೆ.

ಶೇಷನದು ಬೇರೆ. ಮಹಾಭಾರತದ ಆದಿಪರ್ವದಲ್ಲಿಯೂ ಒಂದು ಬಿಳಿಯ ಕುದುರೆಯಿದೆ. ಉಚ್ಚೈಃಶ್ರವಸ್ಸಿನ ಬಾಲ ಕಪ್ಪೆಂದು ಪಣವೊಡ್ಡಿದ ಕದ್ರುವು, ಕೂದಲಾಗಿ ಅದಕ್ಕೆ ಅಂಟಿಕೊಳ್ಳುವಂತೆ ತನ್ನ ಮಕ್ಕಳಾದ ನಾಗರಿಗೆ ಆಜ್ಞಾಪಿಸುತ್ತಾಳೆ; ಆ ವಂಚನೆಯಿಂದ ವಿನತೆ ದಾಸಿಯಾಗುತ್ತಾಳೆ. ಅದರಲ್ಲಿ ಶೇಷನಿಗೆ ಪಾಲಿತ್ತೆಂದು ಕಥೆಯು ಹೇಳುವುದಿಲ್ಲ. ವಿನತೆಯನ್ನೂ ಅವಳ ಮಗನನ್ನೂ ದ್ವೇಷಿಸುವ ತಮ್ಮಂದಿರೊಡನೆ ಸತ್ತ ಮೇಲೂ ಸೇರಲಾರೆನೆಂದು ಅವನು ಬದರಿ, ಗೋಕರ್ಣ, ಪುಷ್ಕರ ಮೊದಲಾದೆಡೆಗಳಲ್ಲಿ ತಪಸ್ಸು ಮಾಡುತ್ತಾನೆ. (ಗೋಕರ್ಣವು ನಮ್ಮ ಕರಾವಳಿಯದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು.) ಬ್ರಹ್ಮನು ವರ ಬೇಡೆಂದಾಗ ಕೇಳುವುದು ಧರ್ಮದಲ್ಲಿ ರಮಿಸುವ ಮನಸ್ಸನ್ನು, ಅದರೊಡನೆ ದೊರೆಯುವುದು ಅಲುಗುವ ಭೂಮಿಯನ್ನು ಹೊರುವ ಕೆಲಸ. ತಪ್ಪು ತನ್ನದಲ್ಲ, ಹೊರೆಗೆ ಮುಗಿತಾಯವೂ ಇಲ್ಲ. ಇನ್ನೊಂದರ ಪ್ರಯೋಜನಕ್ಕಾಗಿ ಇರುವುದನ್ನು ಮೀಮಾಂಸಕರು ‘ಶೇಷ’ವೆಂದು ಕರೆದರು. ರಾಮಾನುಜರು ಅದೇ ಶಬ್ದದಿಂದ ಜೀವನಿಗೂ ಈಶ್ವರನಿಗೂ ಇರುವ ಸಂಬಂಧವನ್ನು ವಿವರಿಸಿದರು. ಇಲ್ಲಿ ಸೇವೆಯು ಪ್ರಾಯಶ್ಚಿತ್ತವಲ್ಲ, ಸ್ವರೂಪ.

ಆದರೆ ತತ್ತ್ವದ ಹಿರಿಮೆಯೇ ಕಥೆಯ ಹಿರಿಮೆಯಲ್ಲ. ಭೂಮಿಯನ್ನು ತಲೆಗೇರಿಸಿದೊಡನೆ ವ್ಯಾಸಭಾರತವು ಶೇಷನ ಮನಸ್ಸನ್ನು ಮರೆತುಬಿಡುತ್ತದೆ. ಅವನಿಗೂ ಬಳಲಿಕೆಯುಂಟೆಂಬುದನ್ನು ಕಾಣಿಸಿದವನು ನಮ್ಮ ಕುಮಾರವ್ಯಾಸ. ಅದೂ ರಾಮಾಯಣ ಬರೆದವರ ಭಾರದಿಂದ ಎಂಬ ಪರಿಹಾಸದಲ್ಲಿ! ಚೀನೀ ಕಾದಂಬರಿಕಾರನೂ ತನ್ನ ಕುದುರೆಯನ್ನು ನೂರು ಅಧ್ಯಾಯಗಳ ಬಹುಭಾಗದಲ್ಲಿ ಮೂಕವಾಗಿಯೇ ಇಟ್ಟಿದ್ದಾನೆ. ಆದರೆ ಮೂವತ್ತನೆಯ ಅಧ್ಯಾಯದಲ್ಲಿ ಭಿಕ್ಷುವು ರಾಕ್ಷಸನ ಮಾಯೆಯಿಂದ ಹುಲಿಯಾದಾಗ, ಕಪಿಶಿಷ್ಯನು ಬಹಿಷ್ಕೃತನಾಗಿ ದೂರವಿರುವಾಗ, ಕುದುರೆಯು ಒಂಟಿಯಾಗಿ ಹೋರಾಡಿ ಕಾಲಿಗೆ ಗಾಯಮಾಡಿಕೊಂಡು ಮರಳುತ್ತದೆ. ಗಂಟನ್ನು ಹೊತ್ತು ಮನೆಗೆ ಹೋಗುತ್ತೇನೆನ್ನುವ ವರಾಹಶಿಷ್ಯನ ಬಟ್ಟೆಯನ್ನು ಕಚ್ಚಿ ಹಿಡಿದು ಅಳುತ್ತದೆ. ವೇತನದ ಲೆಕ್ಕವು ಆಗ ಅದಕ್ಕೆ ನೆನಪಿಲ್ಲ. ಇಡೀ ಕೃತಿಯಲ್ಲಿ ಅದು ಶೇಷನಿಗೆ ಸಮೀಪವಾಗುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಇತಿಹಾಸದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಕಾದಂಬರಿಯ ಭಿಕ್ಷುವಿನ ಮೂಲವ್ಯಕ್ತಿಯು ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಹ್ಯೂಯೆನ್‌ತ್ಸಾಂಗನೇ. ಅವನು ಸ್ವದೇಶಕ್ಕೆ ಮರಳಿದುದು 645ರಲ್ಲಿ, ಕಾದಂಬರಿಯು ಅಚ್ಚಾದುದು 1592ರಲ್ಲಿ. ಶಿಷ್ಯನು ಬರೆದ ಅವನ ಜೀವನಚರಿತ್ರೆಯಲ್ಲಿ ಬರುವ ಕುದುರೆ ಬಿಳಿಯದಲ್ಲ, ಸರ್ಪವೂ ಅಲ್ಲ. ಒಬ್ಬ ಮುದುಕನು ಬದಲಿಗೆ ಕೊಟ್ಟ ಬಡಕಲು ಕೆಂಪು ಕುದುರೆ. ಮರುಭೂಮಿಯಲ್ಲಿ ನೀರು ಮುಗಿದು ಸವಾರನು ಸಾಯುವಂತಾದಾಗ ಅದು ತಾನಾಗಿಯೇ ದಾರಿಯನ್ನು ಬಿಟ್ಟು, ಎಷ್ಟು ಎಳೆದರೂ ತಿರುಗದೆ, ಅವನನ್ನು ಹುಲ್ಲು ನೀರುಗಳಿದ್ದೆಡೆಗೆ ಒಯ್ದಿತು.